ಕೀಬೋರ್ಡ್ ಮುಚ್ಚಿ ಆರಂಭಿಸಿ: ಕಾಲೇಜಿನಲ್ಲಿ ನಾಲ್ಕು ಪಾರ್ಟ್‌ಗಳ ಕ್ವಾಯರ್ ಕಟ್ಟುವ ಸಮಗ್ರ ಮಾರ್ಗದರ್ಶಿ

ನವೆಂಬರ್ ಮುಗಿಯುತ್ತ ಬಂದಂತೆ ನನಗೆ ಒಂದೇ ಬಗೆಯ ಕರೆಗಳು ಬರತೊಡಗುತ್ತವೆ. ಬೆಂಗಳೂರಿನ ಕ್ರೈಸ್ತ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಹೊಸದಾಗಿ ಸಂಗೀತ ಕಲಿಸಲು ಸೇರಿದವರು ಕೇಳುವುದು ಇಷ್ಟೇ: "ಮೇಡಂ, ಒಂದೊಂದು ಪಾರ್ಟನ್ನು ಬೇರೆಯಾಗಿ ಹಾಡಿಸಿದರೆ ಸರಿಯಾಗಿದೆ. ನಾಲ್ಕನ್ನೂ ಸೇರಿಸಿದ ಕೂಡಲೇ ಎಲ್ಲರೂ ಸೊಪ್ರಾನೊ ಹಾಡತೊಡಗುತ್ತಾರೆ. ಏನು ಮಾಡಲಿ?" ಕ್ವಾಯರ್ ಎಂದರೆ ಸಮೂಹಗಾನದ ತಂಡ. ಅದರ ನಾಲ್ಕು ಪಾರ್ಟ್‌ಗಳು ಒಟ್ಟಿಗೆ ಹಾಡುವ ನಾಲ್ಕು ಬೇರೆ ಬೇರೆ ಸ್ವರಸಾಲುಗಳು: ಹೆಣ್ಣುದನಿಯಲ್ಲಿ ಮೇಲಿನದು ಸೊಪ್ರಾನೊ, ಕೆಳಗಿನದು ಆಲ್ಟೊ; ಗಂಡುದನಿಯಲ್ಲಿ ಮೇಲಿನದು ಟೆನರ್, ಕೆಳಗಿನದು ಬೇಸ್. ಅಷ್ಟು ಹೊತ್ತಿಗೆ ಕ್ಯಾರೊಲ್ ಆರಾಧನೆಗೆ, ಅಂದರೆ ಕ್ರಿಸ್‌ಮಸ್ ಗೀತೆಗಳ ಆರಾಧನೆಗೆ, ಹತ್ತು ದಿನ ಉಳಿದಿರುತ್ತದೆ. ಹತ್ತು ದಿನದಲ್ಲಿ ಮಾಡಬಹುದಾದದ್ದು ಹೆಚ್ಚಿಲ್ಲ. ತಪ್ಪಿರುವುದು ಆಗಸ್ಟ್‌ನಲ್ಲಿ, ಮೊದಲ ತರಗತಿಯಲ್ಲಿ.

ಬಹುತೇಕರು ಕೀಬೋರ್ಡ್ ಮುಂದೆ ಕುಳಿತು, ಒಂದು ಪಾರ್ಟಿನ ಸ್ವರಗಳನ್ನು ನುಡಿಸಿ, ಮಕ್ಕಳಿಂದ ಹಾಡಿಸಿ, ಮುಂದಿನ ಪಾರ್ಟಿಗೆ ಹೋಗುತ್ತಾರೆ. ಮಕ್ಕಳು ಕೀಬೋರ್ಡನ್ನು ಹಿಂಬಾಲಿಸುವುದನ್ನು ಕಲಿಯುತ್ತಾರೆ, ಪಕ್ಕದವರ ದನಿಯನ್ನು ಕೇಳಿಸಿಕೊಳ್ಳುವುದನ್ನು ಕಲಿಯುವುದಿಲ್ಲ. ಆಸರೆ ತೆಗೆದ ದಿನ ಎಲ್ಲವೂ ಕುಸಿಯುತ್ತದೆ. ಈ ಮಾರ್ಗದರ್ಶಿಯಲ್ಲಿ ಹಂತಗಳ ಕ್ರಮವೇ ಮುಖ್ಯ. ಹಂತ ಬಿಟ್ಟು ಮುಂದೆ ಹಾರಬೇಡಿ.

## ಮೊದಲು ಕೈಗೆ ಸಿಗಬೇಕಾದವು

440 ಹರ್ಟ್ಸ್‌ನ ಒಂದು ಟ್ಯೂನಿಂಗ್ ಫೋರ್ಕ್ (ತಟ್ಟಿದರೆ ಒಂದೇ ನಿಗದಿತ ಸ್ವರ ಕೊಡುವ ಲೋಹದ ಕವೆ). ಒಂದು ಎಲೆಕ್ಟ್ರಾನಿಕ್ ತಂಬೂರಿ, ಅಥವಾ ಮೊಬೈಲಿನಲ್ಲಿ ತಂಬೂರಿಯ ಆ್ಯಪ್. ಪ್ರತಿಯೊಬ್ಬರಿಗೂ ಒಂದು ಫೈಲು, ಒಂದು ಪೆನ್ಸಿಲ್. ಪೆನ್ನು ಬೇಡ, ಏಕೆಂದರೆ ಉಸಿರಿನ ಗುರುತುಗಳು ಮೂರು ಬಾರಿಯಾದರೂ ಬದಲಾಗುತ್ತವೆ. ಹಾಜರಿ ಪುಸ್ತಕ, ದನಿಮುದ್ರಣಕ್ಕೆ ಒಂದು ಮೊಬೈಲ್, ಎಲ್ಲರೂ ಅರ್ಧವೃತ್ತದಲ್ಲಿ ನಿಲ್ಲುವಷ್ಟು ಜಾಗ. ಕೀಬೋರ್ಡ್ ಇರಲಿ, ಆದರೆ ಮೊದಲ ಎರಡು ವಾರ ಅದರ ಮೇಲೆ ಬಟ್ಟೆ ಹೊದಿಸಿಡಿ.

ಸ್ವರಲಿಪಿಯನ್ನು ಕಂಡಕಂಡಲ್ಲಿ ಜೆರಾಕ್ಸ್ ಮಾಡಿಸಬೇಡಿ. ಭಾರತದಲ್ಲಿ ಸಂಗೀತ ಕೃತಿಯ ಹಕ್ಕುಸ್ವಾಮ್ಯ ರಚನಕಾರರ ನಿಧನದ ನಂತರ 60 ವರ್ಷ ಇರುತ್ತದೆ. ಹಳೆಯ ಸ್ತುತಿಗೀತೆಗಳ ರಾಗಗಳು ಅದರಿಂದ ಮುಕ್ತವಾಗಿದ್ದರೂ ಅವುಗಳ ಹೊಸ ಸಂಯೋಜನೆಗಳು ಮುಕ್ತವಲ್ಲ. ಹಕ್ಕು ಮುಗಿದ ಕೃತಿಗಳನ್ನು ಉಚಿತವಾಗಿ ಕೊಡುವ ಜಾಲತಾಣಗಳಿವೆ, ಅವುಗಳಿಂದ ಇಳಿಸಿಕೊಳ್ಳಿ.

## ಹಂತ 1: ಡಿಸೆಂಬರ್‌ನಿಂದ ಹಿಂದಕ್ಕೆ ಎಣಿಸಿ

ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ (ಅಡ್ವೆಂಟ್) ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುತ್ತದೆ. ಹಾಸ್ಟೆಲ್ ಮಕ್ಕಳು ಊರಿಗೆ ಹೊರಡುವ ಮುನ್ನ ಕಾರ್ಯಕ್ರಮ ಮುಗಿಯಬೇಕಾದ್ದರಿಂದ ಕಾಲೇಜಿನ ಕ್ಯಾರೊಲ್ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ ನಡೆಯುತ್ತದೆ. ಆಗಸ್ಟ್ ಮಧ್ಯದಲ್ಲಿ ಆರಂಭಿಸಿದರೆ ಲೆಕ್ಕಕ್ಕೆ ಹದಿನೈದು ವಾರ. ಇಂಟರ್ನಲ್ಸ್, ದಸರಾ, ದೀಪಾವಳಿ, ಕಾಲೇಜು ಫೆಸ್ಟ್ ಕಳೆಯಿರಿ. ಹತ್ತು ವಾರ ಉಳಿದರೆ ನಿಮ್ಮ ಪುಣ್ಯ.

ಆ ಹತ್ತು ವಾರಕ್ಕೆ ಹೊಸ ತಂಡ ಐದು ಹಾಡುಗಳನ್ನು ಚೆನ್ನಾಗಿ ಕಲಿಯಬಲ್ಲದು. ಒಂದು ಏಕಧ್ವನಿಯದು, ಒಂದು ಎರಡು ಪಾರ್ಟಿನದು, ಎರಡು ಸರಳ ನಾಲ್ಕು ಪಾರ್ಟಿನವು, ಒಂದು ಸವಾಲಿನದು. ಸವಾಲು ಎಂದ ಕೂಡಲೇ ಪಾಶ್ಚಾತ್ಯ ರಚನಕಾರ ಹ್ಯಾಂಡೆಲ್‌ನ ಹಲ್ಲೆಲೂಯ ಸಮೂಹಗೀತೆಗೆ ಕೈ ಹಾಕಬೇಡಿ. ಅದರಲ್ಲಿ ಸೊಪ್ರಾನೊಗಳು ಮೆಟ್ಟಿಲು ಮೆಟ್ಟಿಲಾಗಿ ಏರಿ ಮೇಲಿನ ಜಿ ಸ್ವರವನ್ನು ಹಿಡಿದು ನಿಲ್ಲಬೇಕು. ತರಬೇತಿಯಿಲ್ಲದ ಗಂಟಲು ಅಲ್ಲಿ ಹಾಡುವುದಿಲ್ಲ, ಕೂಗುತ್ತದೆ.

ನಡುವೆ ನವೆಂಬರ್ 1 ಬರುತ್ತದೆ, ರಾಜ್ಯೋತ್ಸವಕ್ಕೆ ನಾಡಗೀತೆ ಹಾಡಲು ನಿಮ್ಮ ತಂಡವನ್ನೇ ಕರೆಯುತ್ತಾರೆ. ಅದಕ್ಕೆ ನಿಮ್ಮ ಇಷ್ಟದಂತೆ ನಾಲ್ಕು ಪಾರ್ಟ್ ಬರೆಯಲು ಹೋಗಬೇಡಿ. ಮೈಸೂರು ಅನಂತಸ್ವಾಮಿಯವರ ಸಂಯೋಜನೆಯನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ಸರ್ಕಾರ 2022ರಲ್ಲಿ ನಿಗದಿ ಮಾಡಿದೆ. ಏಕಧ್ವನಿಯಲ್ಲಿ ಶುದ್ಧವಾಗಿ ಹಾಡಿಸಿ, ಅದೇ ಒಳ್ಳೆಯ ಅಭ್ಯಾಸ.

## ಹಂತ 2: ದನಿ ಕೇಳುವ ದಿನ

ಒಬ್ಬೊಬ್ಬರಿಗೆ ಎಂಟು ನಿಮಿಷ ಕೊಡಿ, ಬೇರೆ ಯಾರೂ ಕೋಣೆಯಲ್ಲಿ ಇರುವುದು ಬೇಡ. ಮೊದಲು ಅವರಿಗೆ ಬರುವ ಯಾವುದಾದರೂ ಹಾಡು. ಭಾವಗೀತೆಯಾಗಲಿ, ಸಿನಿಮಾ ಹಾಡಾಗಲಿ, ಚರ್ಚಿನ ಹಾಡಾಗಲಿ. ಆಮೇಲೆ ಐದು ಸ್ವರಗಳ ಏರಿಳಿತವನ್ನು ಅರ್ಧರ್ಧ ಸ್ವರ ಏರಿಸುತ್ತ, ಇಳಿಸುತ್ತ ಹೋಗಿ ದನಿ ಎಲ್ಲಿ ಬಿಗಿಯುತ್ತದೆಂದು ಗುರುತಿಸಿ. ನಂತರ ನಾಲ್ಕು ಸ್ವರಗಳ ತುಣುಕೊಂದನ್ನು ನೀವು ಹಾಡಿ, ಅವರು ಮರಳಿ ಹಾಡಲಿ. ಕೊನೆಯದೇ ಮುಖ್ಯ ಪರೀಕ್ಷೆ: ಅವರು ಒಂದು ಸ್ವರ ಹಿಡಿದು ನಿಲ್ಲಲಿ, ನೀವು ಅದರ ಮೇಲೆ ಬೇರೆ ಸ್ವರ ಹಾಡಿ. ನಿಮ್ಮ ಸ್ವರದ ಕಡೆಗೆ ಜಾರದೆ ನಿಂತವರು ಕ್ವಾಯರ್‌ಗೆ ಸಿಕ್ಕ ಆಸ್ತಿ. ಸ್ವರಲಿಪಿ ಓದಲು ಬರುತ್ತದೆಯೇ ಎಂಬುದನ್ನು ಈ ದಿನ ಕೇಳಲೇಬೇಡಿ.

ಕಾಲೇಜು ವಯಸ್ಸಿಗೆ ಆರಾಮದ ವ್ಯಾಪ್ತಿ ಹೀಗಿರುತ್ತದೆ. ಸೊಪ್ರಾನೊ ಮಧ್ಯದ ಸಿ (ಕೀಬೋರ್ಡಿನ ನಡುವಿನ ಸಿ) ಸ್ವರದಿಂದ ಮೇಲಿನ ಸ್ಥಾಯಿಯ ಜಿ ತನಕ. ಆಲ್ಟೊ ಮಧ್ಯದ ಸಿ ಕೆಳಗಿನ ಜಿ ಸ್ವರದಿಂದ ಮೇಲಿನ ಡಿ ತನಕ. ಟೆನರ್ ಮಧ್ಯದ ಸಿಗಿಂತ ಒಂದು ಸ್ಥಾಯಿ ಕೆಳಗಿನಿಂದ ಮಧ್ಯದ ಎಫ್ ಅಥವಾ ಜಿ ತನಕ. ಬೇಸ್ ಒಂದೂವರೆ ಸ್ಥಾಯಿ ಕೆಳಗಿನ ಎಫ್ ಸ್ವರದಿಂದ ಮಧ್ಯದ ಸಿ ತನಕ.

ಬೆಂಗಳೂರಿನಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಕರ್ನಾಟಕ ಸಂಗೀತ ಕಲಿತ ಹುಡುಗಿ ಬರುತ್ತಾಳೆ. ಐದು ಮನೆ ಶ್ರುತಿಯಲ್ಲಿ, ಅಂದರೆ ಜಿ ಸ್ವರವನ್ನು ಷಡ್ಜ ಮಾಡಿಕೊಂಡು ಹಾಡುತ್ತಾಳೆ. ದನಿ ಕೆಳಗೆ ತುಂಬಿಕೊಂಡಿರುತ್ತದೆ, ನೀವು ಕೂಡಲೇ "ಆಲ್ಟೊ" ಎಂದು ಬರೆದುಬಿಡುತ್ತೀರಿ. ಆಕೆ ಎದೆಯ ದನಿಯನ್ನಷ್ಟೇ ಬಳಸಿ ಬೆಳೆದವಳು. ಮೇಲಿನ ಹಗುರ ದನಿ ಇದೆ, ಯಾರೂ ಕೇಳಿಲ್ಲ. ಅವಳಿಂದ "ಊ" ಎಂದು ಮೇಲಿನಿಂದ ಕೆಳಕ್ಕೆ ಜಾರಿಸಿ ನೋಡಿ. ಹಾಗೆ ಜಾರಿಸಿದಾಗ ತನ್ನದೇ ದನಿಗೆ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದ ವಿದ್ಯಾರ್ಥಿನಿಯೊಬ್ಬಳು ಮೂರು ವರ್ಷ ನನ್ನ ಸೊಪ್ರಾನೊ ಸಾಲಿನ ಬೆನ್ನೆಲುಬಾಗಿದ್ದಳು.

ಹುಡುಗರ ಕತೆ ಬೇರೆ. ಹದಿನೆಂಟರ ಹುಡುಗರಲ್ಲಿ ಹೆಚ್ಚಿನವರದು ನಡುವಿನ ದನಿ. ಟೆನರ್‌ನ ಎತ್ತರವೂ ಇಲ್ಲ, ಬೇಸ್‌ನ ಆಳವೂ ಇಲ್ಲ. ಟೆನರ್‌ಗಳು ನಾಲ್ವರಿಗಿಂತ ಕಡಿಮೆ ಸಿಕ್ಕರೆ ಹಠ ಬೇಡ. ಆ ವರ್ಷ ಸೊಪ್ರಾನೊ, ಆಲ್ಟೊ, ಪುರುಷ ದನಿ ಎಂದು ಮೂರು ಪಾರ್ಟಿನ ಸಂಯೋಜನೆ ಆರಿಸಿಕೊಳ್ಳಿ. ಆಲ್ಟೊ ಹುಡುಗಿಯರನ್ನು ಇಡೀ ವರ್ಷ ಟೆನರ್ ಸಾಲಿನಲ್ಲಿ ನಿಲ್ಲಿಸುವುದು ಅವರ ಗಂಟಲಿಗೆ ಮಾಡುವ ಅನ್ಯಾಯ.

ಈಶಾನ್ಯ ರಾಜ್ಯಗಳ ವಿದ್ಯಾರ್ಥಿಗಳು ನಿಮ್ಮ ಕಾಲೇಜಿನಲ್ಲಿದ್ದರೆ ಹುಡುಕಿಕೊಂಡು ಹೋಗಿ ಕರೆಯಿರಿ. ಮಿಜೋರಾಂನ ಚರ್ಚುಗಳಲ್ಲಿ ಸ್ತುತಿಗೀತೆಗಳನ್ನು ಸೋಲ್ಫಾ ಲಿಪಿಯಲ್ಲೇ (ಡೊ ರೆ ಮಿ ಹೆಸರುಗಳ ಅಕ್ಷರಗಳಲ್ಲಿ ಸ್ವರ ಬರೆಯುವ ಲಿಪಿ) ಓದಿ ಹಾಡುವ ರೂಢಿಯಿದೆ. ಅಂಥ ಒಬ್ಬರು ಪ್ರತಿ ಸಾಲಿನಲ್ಲಿದ್ದರೆ ಉಳಿದವರು ಅರ್ಧ ಹೊತ್ತಿನಲ್ಲಿ ಕಲಿಯುತ್ತಾರೆ.

## ಹಂತ 3: ಉಸಿರು, ಗಂಟಲು

ಪ್ರತಿ ಅಭ್ಯಾಸದ ಮೊದಲ ಹತ್ತು ನಿಮಿಷ ಇದಕ್ಕೇ. ಭುಜ, ಕುತ್ತಿಗೆ ಸಡಿಲಿಸಿ, "ಸ್" ಎಂದು ನಿಧಾನವಾಗಿ ಉಸಿರು ಬಿಡಿಸಿ, ತುಟಿ ಅದುರಿಸುತ್ತ ಏರಿಳಿಸಿ, ಬಾಯಿ ಮುಚ್ಚಿ ಗುಂಯ್‌ಗುಟ್ಟಿಸಿ, ಕೊನೆಯಲ್ಲಿ ಸ್ವರಾಕ್ಷರಗಳು. ಉಸಿರೆಳೆದಾಗ ಭುಜ ಮೇಲೇರಿದರೆ ಅಲ್ಲೇ ನಿಲ್ಲಿಸಿ ತಿದ್ದಿ. ಕೆಳಪಕ್ಕೆಲುಬು ಅಗಲವಾಗಬೇಕು.

ಬೆಂಗಳೂರಿನ ಧೂಳು, ನವೆಂಬರ್–ಡಿಸೆಂಬರ್‌ನ ಒಣ ಚಳಿ ಗಂಟಲಿಗೆ ಒಳ್ಳೆಯದಲ್ಲ. ಎರಡು ಬಸ್ ಬದಲಿಸಿ ಬಂದ ಮಕ್ಕಳಿಗೆ ಐದು ನಿಮಿಷ ಕೂರಲು, ನೀರು ಕುಡಿಯಲು ಬಿಡಿ. ದನಿ ಒಡೆದವರು ಹಾಡುವುದು ಬೇಡ, ಪಿಸುಗುಟ್ಟುವುದೂ ಬೇಡ. ಕುಳಿತು ಪೆನ್ಸಿಲ್ ಹಿಡಿದು ಕೇಳಲಿ. ದನಿ ಒರಟಾಗಿರುವುದು ಮೂರು ವಾರ ದಾಟಿದರೆ ಕಿವಿ–ಮೂಗು–ಗಂಟಲು ವೈದ್ಯರ ಬಳಿ ಕಳುಹಿಸಿ. ಅದನ್ನು ಕಷಾಯಕ್ಕೆ ಬಿಡಬೇಡಿ.

## ಹಂತ 4: ತಂಬೂರಿಯ ಮುಂದೆ ಎರಡು ವಾರ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಎಲ್ಲವೂ ನಿಲ್ಲುವುದು ಇದರ ಮೇಲೆಯೇ.

ತಂಬೂರಿ ಹಾಕಿ, ಎಲ್ಲರೂ ಷಡ್ಜ ಹಿಡಿಯಲಿ. ಅರ್ಧ ತಂಡ ಷಡ್ಜದಲ್ಲೇ ನಿಲ್ಲಲಿ, ಇನ್ನರ್ಧ ನಿಧಾನವಾಗಿ ರಿ, ಗ, ಮ, ಪ ಎಂದು ಏರಲಿ. ಪ್ರತಿ ಸ್ವರದಲ್ಲಿ ಆರೇಳು ಸೆಕೆಂಡ್ ನಿಲ್ಲಿಸಿ. ಎರಡು ದನಿ ಸ್ವಲ್ಪ ಬೇರೆಯಾದರೆ ಸದ್ದಿನಲ್ಲಿ ಒಂದು ಕಂಪನ ಕೇಳುತ್ತದೆ: 440 ಹರ್ಟ್ಸ್ ಪಕ್ಕದಲ್ಲಿ 442 ಇದ್ದರೆ ಸೆಕೆಂಡಿಗೆ ಎರಡು ಬಾರಿ ಸದ್ದು ಉಬ್ಬಿ ಇಳಿಯುತ್ತದೆ. ಈ ಉಬ್ಬಿಳಿತವನ್ನು ಕೇಳಿಸಿಕೊಂಡು, ಅದು ಮಾಯವಾಗುವವರೆಗೆ ದನಿ ಸರಿಹೊಂದಿಸುವುದನ್ನು ಕಲಿಸಿ. ಮೊದಲ ಬಾರಿ ಅದು ನಿಂತಾಗ ಮಕ್ಕಳ ಮುಖದಲ್ಲೇ ಗೊತ್ತಾಗುತ್ತದೆ. ಯಾರೂ ಹೇಳಿಕೊಡದೆಯೇ ಒಬ್ಬ ಹುಡುಗ ಕಿವಿಯ ಹಿಂದೆ ಅಂಗೈ ಒಡ್ಡುತ್ತಾನೆ, ಪಕ್ಕದವರೂ ಹಾಗೆಯೇ ಮಾಡುತ್ತಾರೆ. ಆ ಕ್ಷಣದವರೆಗೆ ಅದು ಗುಂಪು, ಆಮೇಲೆ ಕ್ವಾಯರ್.

ಕೀಬೋರ್ಡ್ ಏಕೆ ಬೇಡ ಎಂಬುದಕ್ಕೆ ಇಲ್ಲಿ ಗಟ್ಟಿ ಕಾರಣವಿದೆ. ತಂಬೂರಿಯ ಷಡ್ಜ ತಂತಿಯೊಳಗೆ ಅಂತರ ಗಾಂಧಾರ ತಾನಾಗಿಯೇ ನುಡಿಯುತ್ತದೆ. ಅದು ತಂತಿಯ ಮೂಲ ಕಂಪನದ ಐದು ಪಟ್ಟಿನ ಉಪಸ್ವರ. ಕೀಬೋರ್ಡಿನ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಮೇಲಿದೆ, ಅಂದರೆ ಅರ್ಧ ಸ್ವರದ ಏಳನೇ ಒಂದು ಪಾಲು. ಕೀಬೋರ್ಡಿನಿಂದ ಗಾಂಧಾರ ಕಲಿತ ಆಲ್ಟೊಗಳು ಎಷ್ಟು ಕಷ್ಟಪಟ್ಟರೂ ಸ್ವರಮೇಳ ಕೂಡಿಕೊಳ್ಳುವುದಿಲ್ಲ. ತಂಬೂರಿಯಿಂದ ಕಲಿತವರಿಗೆ ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ.

ಸರಿಗಮ ಬಲ್ಲವರಿಗೆ ಸರಿಗಮ, ಡೊ ರೆ ಮಿ ಬಲ್ಲವರಿಗೆ ಡೊ ರೆ ಮಿ. ಶಂಕರಾಭರಣದ ಸ್ವರಗಳೇ ಪಾಶ್ಚಾತ್ಯ ಮೇಜರ್ ಸ್ಕೇಲ್ ಎಂದು ಒಮ್ಮೆ ಹಾಡಿ ತೋರಿಸಿದರೆ ಎರಡೂ ಗುಂಪು ಒಂದಾಗುತ್ತವೆ. ಗಮಕದ, ಅಂದರೆ ಸ್ವರವನ್ನು ತೂಗಿಸಿ ಹಾಡುವ ರೂಢಿಯ, ವಿಷಯದಲ್ಲಿ ಮಾತ್ರ ಎಚ್ಚರ. ಗಾಂಧಾರವನ್ನು ತೂಗಿಸುವುದು ಅಭ್ಯಾಸವಾದವರಿಗೆ ನಿಂತ ಸ್ವರ ಬರಡು ಎನ್ನಿಸುತ್ತದೆ. "ನೀನು ಕಲಿತದ್ದು ತಪ್ಪು" ಎಂದು ಎಂದಿಗೂ ಹೇಳಬೇಡಿ. ರಾಗದಲ್ಲಿ ಸ್ವರ ಚಲಿಸಿ ಬೆಳೆಯುತ್ತದೆ, ಇಲ್ಲಿ ನಿಂತು ಇನ್ನೊಂದು ಸ್ವರವನ್ನು ಹೊರುತ್ತದೆ ಎಂದು ಹೇಳಿ.

ಎಚ್ಚರಿಕೆಯ ಲಕ್ಷಣ: ಎರಡನೇ ವಾರದ ಕೊನೆಗೆ ತಂಬೂರಿ ನಿಲ್ಲಿಸಿ ಅರ್ಧ ನಿಮಿಷ ಹಾಡಿಸಿ, ಮತ್ತೆ ಹಾಕಿ. ಶ್ರುತಿ ಜಾರಿದ್ದರೆ ಹಾಡು ಕಲಿಸುವ ಸಮಯ ಇನ್ನೂ ಬಂದಿಲ್ಲ.

## ಹಂತ 5: ಹಾಡು ಕಲಿಸುವ ಕ್ರಮ

ಮೊದಲು ಸಾಹಿತ್ಯವನ್ನು ಎಲ್ಲರೂ ಮಾತಿನಲ್ಲಿ ಓದಲಿ. ಆಮೇಲೆ ಲಯವನ್ನು "ತ" ಅಕ್ಷರದಲ್ಲಿ ಹೇಳಲಿ. ಮೂರನೆಯದಾಗಿ ಎಲ್ಲರೂ ಮುಖ್ಯ ರಾಗವನ್ನು ಕಲಿಯಲಿ, ಬೇಸ್‌ನವರೂ ಸೇರಿ. ನಾಲ್ಕನೆಯದಾಗಿ ಬೇಸ್ ಮತ್ತು ಸೊಪ್ರಾನೊ ಜೊತೆಯಾಗಿ. ಈ ಎರಡು ಹೊರಗೋಡೆಗಳು ನಿಂತ ಮೇಲೆ ಆಲ್ಟೊ, ಕೊನೆಗೆ ಟೆನರ್.

ಆಲ್ಟೊಗಳಿಗೆ ಇಪ್ಪತ್ತು ನಿಮಿಷ ಕಲಿಸುತ್ತ ಉಳಿದವರನ್ನು ಸುಮ್ಮನೆ ಕೂರಿಸುವುದು ದೊಡ್ಡ ತಪ್ಪು. ಅವರು ಮೊಬೈಲ್ ತೆಗೆಯುತ್ತಾರೆ, ಅದರಲ್ಲಿ ತಪ್ಪು ನಿಮ್ಮದೇ. ಯಾವ ಸಾಲೂ ಮೂರು ನಿಮಿಷಕ್ಕಿಂತ ಹೆಚ್ಚು ಮೌನವಾಗಿರಬಾರದು. ಆಲ್ಟೊ ಕಲಿಯುವಾಗ ಬೇಸ್ ಬಾಯಿ ಮುಚ್ಚಿ ತನ್ನ ಸ್ವರ ಹಿಡಿಯಲಿ, ಸೊಪ್ರಾನೊ ಲಯ ಹೇಳಲಿ.

ಹಾಡಿನ ಕೊನೆಯ ಎಂಟು ಬಾರ್‌ಗಳನ್ನು (ಸ್ವರಲಿಪಿಯಲ್ಲಿ ಗೆರೆಗಳ ನಡುವಿನ ತಾಳಭಾಗಗಳನ್ನು) ಮೊದಲು ಕಲಿಸಿ ಹಿಂದಕ್ಕೆ ಬನ್ನಿ. ಆಗ ಪ್ರತಿ ಅಭ್ಯಾಸದಲ್ಲೂ ಅವರು ಗೊತ್ತಿಲ್ಲದ ಕಡೆಯಿಂದ ಗೊತ್ತಿರುವ ಕಡೆಗೆ ಹಾಡುತ್ತಾರೆ, ಧೈರ್ಯ ಹೆಚ್ಚುತ್ತ ಹೋಗುತ್ತದೆ. ಪಾರ್ಟುಗಳ ದನಿಮುದ್ರಣವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕುವುದು ಮೂರನೇ ವಾರದ ನಂತರ. ಮೊದಲೇ ಹಾಕಿದರೆ ಅದು ಮತ್ತೊಂದು ಕೀಬೋರ್ಡ್ ಆಗುತ್ತದೆ.

## ಹಂತ 6: ಕನ್ನಡ ಸಾಹಿತ್ಯಕ್ಕೆ ಪ್ರಸ್ತಾರ ಹಾಕಿ

ಪಾಶ್ಚಾತ್ಯ ರಾಗಕ್ಕೆ ಕನ್ನಡ ಮಾತು ಕೂಡಿಸಿ ಹಾಡುವಾಗ ಆಗುವ ಅನಾಹುತವನ್ನು ನಾವೆಲ್ಲ ಚರ್ಚುಗಳಲ್ಲಿ ಕೇಳಿ ಒಗ್ಗಿಹೋಗಿದ್ದೇವೆ. ಒಗ್ಗಿಕೊಳ್ಳಬಾರದು. ಹ್ರಸ್ವಾಕ್ಷರದ ಮೇಲೆ ದೀರ್ಘ ಸ್ವರ ಬಿದ್ದರೆ ಅರ್ಥವೇ ತಿರುಗುತ್ತದೆ. "ದಿನ" ಎಳೆದರೆ "ದೀನ". "ವರ" ಎಳೆದರೆ "ವಾರ". ದೇವರ "ಬಲ"ವನ್ನು ಕೊಂಡಾಡಲು ಹೊರಟವರು "ಬಾಲ"ವನ್ನು ಕೊಂಡಾಡುತ್ತಾರೆ. ಎಲ್ಲಕ್ಕಿಂತ ನೋವಾಗುವುದು "ರಕ್ಷಕ" ಎಂಬಲ್ಲಿ. ಮೊದಲ ಅಕ್ಷರ ಎಳೆದು "ರಾಕ್ಷಕ" ಎಂದರೆ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಕೇಳುವುದು "ರಾಕ್ಷಸ".

ಪರಿಹಾರ ನಮ್ಮ ಹೈಸ್ಕೂಲಿನ ಕನ್ನಡ ತರಗತಿಯಲ್ಲೇ ಇದೆ. ಪ್ರತಿ ಸಾಲಿಗೂ ಲಘು–ಗುರು ಪ್ರಸ್ತಾರ ಹಾಕಿ, ಕೆಳಗೆ ರಾಗದ ಸ್ವರಗಳ ಉದ್ದ ಬರೆಯಿರಿ. ಲಘುವಿನ ಕೆಳಗೆ ದೀರ್ಘ ಸ್ವರ ಬಂದ ಕಡೆಯೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿ. ಆ ಸುತ್ತುಗಳೇ ನಿಮ್ಮ ಕೆಲಸದ ಪಟ್ಟಿ.

ಒಂದೊಂದನ್ನೂ ಹೀಗೆ ಬಿಡಿಸಬಹುದು. ಸಾಧ್ಯವಾದರೆ ಲಘುವನ್ನು ಹಿಂದಿನ ಸ್ವರದ ಕೊನೆಯ ತುಣುಕಿಗೆ ಸರಿಸಿ, ಗುರುವನ್ನು ದೀರ್ಘ ಸ್ವರಕ್ಕೆ ತನ್ನಿ. ಸಾಧ್ಯವಾಗದಿದ್ದರೆ ದೀರ್ಘವಾಗಿಯೇ ಹಾಡಿ, ಆದರೆ ದವಡೆ ಇಳಿಸದೆ ಹ್ರಸ್ವ "ಅ"ದ ಬಣ್ಣವನ್ನೇ ಉಳಿಸಿ, ದನಿ ಉಬ್ಬಿಸಬೇಡಿ. "ರಕ್ಷಕ"ದಂಥ ಪದದಲ್ಲಿ ಮುಂದೆ ಒತ್ತಕ್ಷರ ಇರುವುದರಿಂದ ಮೊದಲಕ್ಷರ ಗುರುವೇ. ಅದು ಬಲವಾದ ತಾಳದ ಮೇಲೆ ಧಾರಾಳವಾಗಿ ಕೂರಬಹುದು. ಕಿರಿದಾದ "ರ" ಹಿಡಿದು, ಮುಂದಿನ ತಾಳಕ್ಕೆ ಕೂದಲೆಳೆಯಷ್ಟು ಮೊದಲು "ಕ್" ಮುಚ್ಚಿ, ತಾಳದ ಮೇಲೆ "ಷ" ಬಿಡಿಸಿ. ಇಡೀ ತಂಡ ಆ "ಕ್" ಅನ್ನು ಒಟ್ಟಿಗೆ ಮುಚ್ಚುವುದಕ್ಕೆ ಒಂದು ಪೂರ್ತಿ ಅಭ್ಯಾಸ ಬೇಕಾದರೂ ಕೊಡಿ.

ಕನ್ನಡ ಬಾರದ ಮಕ್ಕಳಿಗೆ "ಳ", "ಣ", ಎ–ಏ, ಒ–ಓ ವ್ಯತ್ಯಾಸವನ್ನು ಬಾಯಲ್ಲಿ ಹೇಳಿಸಿ ಕಲಿಸಿ, ರೋಮನ್ ಲಿಪಿಯ ಹಾಳೆಯನ್ನು ನೆಚ್ಚಬೇಡಿ. "ದೇವರು", "ಕರ್ತನು" ಎಂದು ಮುಗಿಯುವ ಸಾಲುಗಳಲ್ಲಿ ಕೊನೆಯ "ಉ"ಗೆ ತುಟಿ ದುಂಡಗಾಗಲಿ.

## ಹಂತ 7: ನಿಮ್ಮ ಕೈ

ಕ್ವಾಯರ್ ಉಸಿರೆಳೆಯುವುದು ನಿಮ್ಮ ಮೊದಲ ತಾಳಕ್ಕಲ್ಲ, ಅದರ ಹಿಂದಿನ ಸಿದ್ಧತೆಯ ತಾಳಕ್ಕೆ. ನೀವು ಉಸಿರೆಳೆಯುತ್ತ ಕೈ ಎತ್ತಿದರೆ ಅವರೂ ಎಳೆಯುತ್ತಾರೆ. ನೀವು ಉಸಿರು ಬಿಗಿಹಿಡಿದರೆ ಅವರ ಗಂಟಲೂ ಬಿಗಿಯುತ್ತದೆ.

ಬಲಗೈ ತಾಳಕ್ಕೆ, ಎಡಗೈ ಸಾಲುಗಳನ್ನು ಕರೆಯಲು, ಏರಿಳಿತ ತೋರಿಸಲು. ಎರಡೂ ಕೈ ಕನ್ನಡಿಯಂತೆ ಒಂದೇ ಚಲನೆ ಮಾಡುತ್ತಿದ್ದರೆ ಎಡಗೈಯನ್ನು ಜೇಬಿನಲ್ಲಿಟ್ಟು ಒಂದು ವಾರ ಅಭ್ಯಾಸ ಮಾಡಿ. ಅವರೊಡನೆ ಹಾಡಬೇಡಿ: ಹಾಡಿದರೆ ಅವರ ತಪ್ಪು ನಿಮಗೆ ಕೇಳುವುದಿಲ್ಲ. ಕಾಲಿನಿಂದ ತಾಳ ಹಾಕಬೇಡಿ. ನಿಮ್ಮದೇ ವಿಡಿಯೋ ಒಂದನ್ನು ಸದ್ದಿಲ್ಲದೆ ನೋಡಿ. ಯಾವ ಹಾಡು, ಎಲ್ಲಿ ಮೃದು ಎಂದು ನಿಮಗೇ ಗೊತ್ತಾಗದಿದ್ದರೆ ಮಕ್ಕಳಿಗೂ ಗೊತ್ತಾಗುತ್ತಿಲ್ಲ.

## ಹಂತ 8: ಶ್ರುತಿ ಇಳಿದರೆ

ಹಾಡು ಮುಗಿದಾಗ ಟ್ಯೂನಿಂಗ್ ಫೋರ್ಕ್ ತಟ್ಟಿ ನೋಡುವುದು ದಿನದ ಅಭ್ಯಾಸವಾಗಲಿ. ಇಳಿದಿದ್ದರೆ "ಮೇಲೆ ಹಾಡಿ" ಎಂದು ಕೂಗುವುದರಿಂದ ಪ್ರಯೋಜನವಿಲ್ಲ. ಎಲ್ಲಿ ಇಳಿಯಿತು ಎಂದು ಹುಡುಕಿ.

ಸಾಮಾನ್ಯವಾಗಿ ಇಳಿಯುವುದು ಮೂರು ಕಡೆ: ಒಂದೇ ಸ್ವರ ಮರುಕಳಿಸುವಲ್ಲಿ, ಮೆಟ್ಟಿಲಿಳಿಯುವ ಸ್ವರಗಳಲ್ಲಿ, ಉಸಿರು ಮುಗಿಯುವ ಸಾಲಿನ ಕೊನೆಯಲ್ಲಿ. ಮರುಕಳಿಸುವ ಸ್ವರಗಳನ್ನು ಒಂದೊಂದಾಗಿ ಮೇಲಿನಿಂದ ಮುಟ್ಟುತ್ತಿದ್ದೇವೆ ಎಂದುಕೊಂಡು ಹಾಡಲಿ. ಇಳಿಯುವ ಹೆಜ್ಜೆಗಳು ಚಿಕ್ಕದಾಗಲಿ. ಉಸಿರನ್ನು ಸಾಲಿನಲ್ಲಿ ಸರದಿ ಪ್ರಕಾರ ತೆಗೆದುಕೊಳ್ಳಲಿ, ಪಕ್ಕದವರು ತೆಗೆದುಕೊಂಡಾಗ ನೀವು ತೆಗೆದುಕೊಳ್ಳಬಾರದು ಎಂಬ ನಿಯಮ ಸಾಕು. ಇಷ್ಟಾದರೂ ಇಳಿಯುತ್ತಿದ್ದರೆ ಇಡೀ ಹಾಡನ್ನು ಅರ್ಧ ಸ್ವರ ಮೇಲಕ್ಕೆ ತೆಗೆದುಕೊಂಡು ನೋಡಿ. ದನಿ ಒಡೆಯುವ ಗಡಿಯ ಮೇಲೆಯೇ ರಾಗ ಸುತ್ತುತ್ತಿದ್ದರೆ ಈ ಸಣ್ಣ ಬದಲಾವಣೆಯಿಂದ ಅದು ಗಡಿ ದಾಟಿ ನಿಲ್ಲುತ್ತದೆ.

ಶುಕ್ರವಾರ ಸಂಜೆ, ಪ್ರಯೋಗಾಲಯ ಮುಗಿಸಿ ಬಂದ ದಿನ ಇಳಿದರೆ ಅದು ದಣಿವು. ಆ ದಿನ ಬೇಗ ಬಿಡಿ.

## ಹಂತ 9: ತರಗತಿ ಬೇರೆ, ಆರಾಧನೆ ಬೇರೆ

ಕ್ವಾಯರ್‌ಗೆ ಕ್ರೆಡಿಟ್ ಇದ್ದರೆ ಅಂಕ ಕೊಡುವ ಬಗೆಯನ್ನು ಮೊದಲ ದಿನವೇ ಬರೆದು ಕೊಡಿ. ನಾನು ದನಿಯ ಇಂಪಿಗೆ ಅಂಕ ಕೊಡುವುದಿಲ್ಲ. ಹಾಜರಿ, ತನ್ನ ಪಾರ್ಟನ್ನು ಇತರ ಮೂವರ ನಡುವೆ ಒಬ್ಬರೇ ಹಿಡಿದು ನಿಲ್ಲುವ ಪರೀಕ್ಷೆ, ಫೈಲಿನ ಪೆನ್ಸಿಲ್ ಗುರುತುಗಳು, ಒಂದು ಸಣ್ಣ ತುಣುಕನ್ನು ತಾನೇ ಹಾಡಿಸಿ ತೋರಿಸುವುದು. ಇವೆಲ್ಲ ಕಲಿತು ಬರುವಂಥವು.

ಕ್ರೈಸ್ತ ಸಂಸ್ಥೆಯಾದರೂ ನಿಮ್ಮ ತಂಡದಲ್ಲಿ ಎಲ್ಲ ಧರ್ಮದ ಮಕ್ಕಳೂ ಇರುತ್ತಾರೆ. ಸಂವಿಧಾನದ 28(3)ನೇ ವಿಧಿಯ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಿಕ್ಷಣ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಆರಾಧನೆಗೆ ಹಾಜರಾಗಿಸುವಂತಿಲ್ಲ. ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಆದ್ದರಿಂದ ತರಗತಿಯ ಅಂಕವನ್ನು ಪ್ರಾರ್ಥನಾಲಯದ ಹಾಜರಿಗೆ ಎಂದೂ ಗಂಟು ಹಾಕಬೇಡಿ. ಹಾಡಿನ ಅರ್ಥವನ್ನು ಮೊದಲೇ ಮುಚ್ಚುಮರೆಯಿಲ್ಲದೆ ಹೇಳಿ. ನನ್ನ ಅನುಭವದಲ್ಲಿ ಹೀಗೆ ಹೇಳಿದ ಮೇಲೆ ಹಿಂದೆ ಸರಿದವರು ತೀರಾ ಕಡಿಮೆ, ಉಳಿದವರು ಅರ್ಥ ಅರಿತು ಹಾಡಿದರು.

## ಹಂತ 10: ಹಾಡುವ ಜಾಗ, ಹಾಡುವ ದಿನ

ಕನಿಷ್ಠ ಎರಡು ಅಭ್ಯಾಸ ಅದೇ ಜಾಗದಲ್ಲಿ ಆಗಲೇಬೇಕು. ಕಲ್ಲಿನ ಹಳೆಯ ಪ್ರಾರ್ಥನಾಲಯದಲ್ಲಿ ಸದ್ದು ಉಳಿಯುತ್ತದೆ. ಅಲ್ಲಿ ವೇಗ ತಗ್ಗಿಸಿ, ವ್ಯಂಜನಗಳನ್ನು ಚೂಪಾಗಿಸಿ. ಪರದೆ, ಮೆತ್ತೆ ಕುರ್ಚಿಗಳ ಸಭಾಂಗಣ ಸದ್ದನ್ನು ನುಂಗುತ್ತದೆ. ಅಲ್ಲಿ ಸಾಲುಗಳನ್ನು ಹತ್ತಿರ ನಿಲ್ಲಿಸಿ. ಒಬ್ಬರಿಗೊಂದು ಮೈಕ್ ಕೊಟ್ಟರೆ ನೀವು ಹತ್ತು ವಾರ ಹೊಂದಿಸಿದ ಸಮತೋಲನ ಮೈಕ್ ನೋಡಿಕೊಳ್ಳುವವರ ಕೈಗೆ ಹೋಗುತ್ತದೆ. ಒಂದು ವರ್ಷ ನಮಗೆ ಹಾಗೆಯೇ ಆಯಿತು: ಒಬ್ಬ ಟೆನರ್‌ನ ದನಿ ಮಾತ್ರ ಸಭಾಂಗಣ ತುಂಬಿತು, ಆ ಹುಡುಗ ಆಮೇಲೆ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ತಂಡದ ಮುಂದೆ, ತುಸು ಎತ್ತರದಲ್ಲಿ ಎರಡು ಮೈಕ್ ಸಾಕು. ಸೀಲಿಂಗ್ ಫ್ಯಾನ್‌ಗಳನ್ನು ಆರಿಸಲು ಮೊದಲೇ ಒಬ್ಬರನ್ನು ನೇಮಿಸಿ.

ಆ ದಿನ ಬೆಳಿಗ್ಗೆ ಪೂರ್ತಿ ದನಿಯಲ್ಲಿ ಹಾಡಿಸಬೇಡಿ. ಪ್ರತಿ ಹಾಡಿನ ಮೊದಲ ಸಾಲು, ಕೊನೆಯ ಸಾಲು, ಸುತ್ತು ಹಾಕಿದ ಜಾಗಗಳು, ಅಷ್ಟೇ. ಆರಂಭದ ಸ್ವರವನ್ನು ಫೋರ್ಕಿನಿಂದ ತೆಗೆದು, ಬೇಸ್‌ನಿಂದ ಮೇಲಕ್ಕೆ ಮೆಲ್ಲನೆ ಗುನುಗಿ ಕೊಡಿ.

ಕೊನೆಯ ಸ್ವರ ನಿಲ್ಲಿಸಿದ ಮೇಲೆ ಕೈ ಕೂಡಲೇ ಇಳಿಸಬೇಡಿ. ಗೋಡೆಗಳಲ್ಲಿ ಸದ್ದು ಪೂರ್ತಿ ಆರುವವರೆಗೆ ಎತ್ತಿಯೇ ಹಿಡಿಯಿರಿ. ಮಕ್ಕಳು ಅಲುಗುವುದಿಲ್ಲ, ಸಭೆಯೂ ಚಪ್ಪಾಳೆ ತಟ್ಟುವುದಿಲ್ಲ. ಆಮೇಲೆ ಇಳಿಸಿ. ಊರಿಗೆ ಹೊರಡುವ ಮುನ್ನ ಎಲ್ಲರ ಫೈಲುಗಳನ್ನೂ ಮರಳಿ ಪಡೆಯಿರಿ, ಪೆನ್ಸಿಲ್ ಗುರುತುಗಳನ್ನು ಅಳಿಸಲು ಬಿಡಬೇಡಿ. ಮುಂದಿನ ಆಗಸ್ಟ್‌ನಲ್ಲಿ ಅವೇ ಬೇಕಾಗುತ್ತವೆ.